ತದ್ರೂಪಿ ರಾಕ್ಷಸನ ಕಲ್ಪನೆ

ರಾಕ್ಷಸರನ್ನು ನಿರ್ಮಿಸುವುದು ಕವಿಗಳ ಬಹು ಹಳೆಯ ಕಸುಬು. ಹತ್ತು ತಲೆಯನ್ನಾಗಲಿ ಸಾವಿರ ತೋಳನ್ನಾಗಲಿ ಕಲ್ಪಿಸುವುದಕ್ಕೆ ಒಂದು ಬಗೆಯ ಪ್ರತಿಭೆ ಬೇಕು. ತಲೆ ಒಂದೇ, ತೋಳು ಎರಡೇ, ಮುಖವೋ ನಮ್ಮದೇ ಮುಖ. ಇಂಥ ರಾಕ್ಷಸನನ್ನು ಕಲ್ಪಿಸುವುದಕ್ಕೆ ಬೇಕಾದ ಪ್ರತಿಭೆ ಬೇರೆ. ಈ ಎರಡನೆಯ ಜಾತಿಯವನನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂಬ ಇಚ್ಛೆ ನನಗೆ ಹುಟ್ಟಿದುದು ಮಕ್ಕಳ ಆಟವೊಂದನ್ನು ನೋಡುತ್ತ ಕುಳಿತಾಗ. ಆಟವೆಂದ ಮಾತ್ರಕ್ಕೆ ವಾಚಕರು ಈ ಪುಟಗಳನ್ನು ಮಗುಚಿಬಿಡಬಾರದೆಂದು ಪ್ರಾರ್ಥನೆ.

ಆ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಊರಿನಿಂದ 1974ರಲ್ಲಿ ಮೂರು ಸಣ್ಣ ಪುಸ್ತಿಕೆಗಳ ರೂಪದಲ್ಲಿ ಅದು ಹೊರಟಿತು; ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಅದರ ಕರ್ತರು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬನು ಸೂತ್ರಧಾರ, ಊರು, ಕಾಡು, ಶತ್ರು, ಮಳೆ, ಬಿಸಿಲು ಎಲ್ಲವೂ ಅವನ ಬಾಯಿಂದ ಬರತಕ್ಕವು. ಉಳಿದವರು ತಲೆಗೊಂದು ಪಾತ್ರವನ್ನು ಕಲ್ಪಿಸಿಕೊಂಡು, ಆ ಪಾತ್ರದ ಮಾತನ್ನು ಆಡುತ್ತ ಹೋಗುತ್ತಾರೆ. ವೇಷವಿಲ್ಲ, ರಂಗವಿಲ್ಲ. ತಾಳಮದ್ದಳೆಯ ಅರ್ಥಧಾರಿಗಳನ್ನು ಕಂಡವರಿಗೆ ಇದು ತೀರ ಹೊಸದೆಂದು ತೋರಲಾರದು. ಭೇದವಿಷ್ಟೆ: ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಮೊದಲೇ ತಿಳಿದಿಲ್ಲ, ಸಂಶಯ ಬಂದ ಕಡೆ ದಾಳವನ್ನುರುಳಿಸಿ ನಿರ್ಣಯಿಸುತ್ತಾರೆ.

ಈ ಆಟಕ್ಕೆ ರಾಕ್ಷಸರ ಕೋಶಗಳಿವೆ. ಅವುಗಳಲ್ಲಿ ಡಾಪಲ್‌ಗ್ಯಾಂಗರ್ ಎಂಬ ತದ್ರೂಪಿಯು 1975ರ ಗ್ರೇಹಾಕ್ ಎಂಬ ಅನುಬಂಧದಲ್ಲಿಯೇ ಕಾಣಿಸಿಕೊಂಡು, 1977ರ ದೊಡ್ಡ ಕೋಶದಲ್ಲಿ ಸ್ಥಿರವಾಗಿ ನೆಲಸಿತು. ಹೆಸರು ಜರ್ಮನ್ ಭಾಷೆಯದು. ಜಾನ್ ಪಾಲ್ ಎಂಬ ಕಾದಂಬರಿಕಾರನು 1796ರಲ್ಲಿ ಅದನ್ನು ಬಳಕೆಗೆ ತಂದನು. ತನ್ನನ್ನು ತಾನೇ ಎದುರಿಗೆ ಕಾಣುವವರನ್ನು ಕುರಿತ ಆ ಪದವು, ಆಟದ ಕೋಶಕ್ಕೆ ಬರುವ ಹೊತ್ತಿಗೆ ಒಂದು ಪ್ರಾಣಿಜಾತಿಯ ಹೆಸರಾಗಿಬಿಟ್ಟಿತು. ಮೊದಲ ನಷ್ಟವಾದುದು ಅಲ್ಲಿಯೇ. ಜಾನ್ ಪಾಲನ ಪದದಲ್ಲಿ ‘ನಾನು’ ಇತ್ತು. ಕೋಶದ ಪ್ರಾಣಿಗೆ ಯಾರ ಮುಖವಾದರೂ ಆದೀತು. ಅದು ಒಬ್ಬನನ್ನು ಮರೆಗೆ ಸರಿಸಿ ಅವನ ಸ್ಥಾನದಲ್ಲಿ ನಿಲ್ಲುತ್ತದೆ, ಸಮಯ ನೋಡಿ ಇರಿಯುತ್ತದೆ. ವೇಷ ಮರೆಸಿಕೊಂಡ ಕಳ್ಳನಿಗೂ ಇದಕ್ಕೂ ಏನು ಅಂತರ?

ನ್ಯಾಯವಾಗಿ ಹೇಳಬೇಕಾದರೆ, 2014ರ ಕೋಶದಲ್ಲಿ ಈ ಪ್ರಾಣಿಯನ್ನು ಕುರಿತು ಒಂದು ಸಂಗತಿ ಬರೆದಿದ್ದಾರೆ. ಅದನ್ನೋದಿ ನಾನು ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟೆ. ಇವು ತಮ್ಮ ಮಕ್ಕಳನ್ನು ತಾವು ಸಾಕುವುದಿಲ್ಲವಂತೆ. ಮನುಷ್ಯರ ಮನೆಯಲ್ಲಿ ಬೆಳೆದ ಆ ಮಗು ಪ್ರಾಯಕ್ಕೆ ಬರುವವರೆಗೂ ಎಲ್ಲ ಮಕ್ಕಳಂತೆಯೇ ಇದ್ದು, ಆಮೇಲೆ ತಾನಾರೆಂಬುದನ್ನು ಅರಿಯುತ್ತದೆಯಂತೆ. ಒಂದು ಖಂಡಕಾವ್ಯಕ್ಕೆ ಸಾಲುವ ವಸ್ತು. ಕೋಶಕಾರರು ಅದನ್ನು ಕೆಲವೇ ವಾಕ್ಯಗಳಲ್ಲಿ ಮುಗಿಸಿ ಮುಂದಕ್ಕೆ ನಡೆದಿದ್ದಾರೆ.

ಇದೇ ಆಟದ ಸೂತ್ರಧಾರರಿಗಾಗಿ 1979ರಲ್ಲಿ ಹೊರಟ ಗ್ರಂಥದಲ್ಲಿ ಒಂದು ಮಾಯಾದರ್ಪಣವಿದೆ. ಅದರಲ್ಲಿ ಮುಖ ನೋಡಿಕೊಂಡವನ ಪ್ರತಿಬಿಂಬವು, ಅವನ ಶಕ್ತಿಯನ್ನೂ ಆಯುಧಗಳನ್ನೂ ಸಮಸ್ತವಾಗಿ ಧರಿಸಿಕೊಂಡು ಹೊರಬಂದು ಒಡನೆಯೇ ಅವನ ಮೇಲೆ ಬೀಳುತ್ತದೆ. ಕೇಳುವಾಗ ಮೈ ಜುಮ್ಮೆನ್ನುತ್ತದೆ. ಆಡುವಾಗ ಏನೂ ಇಲ್ಲ. ಎರಡು ಕಡೆಗೂ ಬಲ ಸಮ, ಅಂಕ ಸಮ; ಆದುದರಿಂದ ಗೆಲವು ದಾಳದ ಪಾಲು. ಪ್ರತಿಬಿಂಬವು ಮಾತನಾಡುವುದೂ ಇಲ್ಲ, ಏನನ್ನೂ ಬಯಸುವುದೂ ಇಲ್ಲ. ಬಯಕೆಯಿಲ್ಲದ ದುಷ್ಟನಿಂದ ಭಯಾನಕರಸ ಹುಟ್ಟುವುದೆಂತು? ಅಮೆರಿಕದವರ ಸ್ಟಾರ್ ಟ್ರೆಕ್ ಎಂಬ ದೃಶ್ಯಮಾಲಿಕೆಯಲ್ಲಿ 1967ರಲ್ಲಿ ಇನ್ನೊಂದು ಲೋಕದ ಪ್ರತಿರೂಪಗಳನ್ನು ತೋರಿಸಿದಾಗ, ಆ ಲೋಕದ ಒಬ್ಬನಿಗೆ ಗಡ್ಡವನ್ನಂಟಿಸಿದರು. ಅಂದಿನಿಂದ ದುಷ್ಟ ಅವಳಿಯೆಂದರೆ ಗಡ್ಡವೆಂಬುದು ಆ ದೇಶದಲ್ಲಿ ಹಾಸ್ಯದ ಮಾತಾಗಿದೆ. ಗಡ್ಡ ಬಿಟ್ಟ ನನ್ನಂಥವರು ಇದನ್ನು ಪ್ರತಿಭಟಿಸಬೇಕಾಗಿದೆ.

ಹಾಗಾದರೆ ಬಲ್ಲವರು ಇದನ್ನು ಹೇಗೆ ಮಾಡಿದ್ದಾರೆ? ಸ್ಟೀವನ್‌ಸನ್ನನು 1886ರ ತನ್ನ ಕಥೆಯಲ್ಲಿ ಜೆಕಿಲನ ದುಷ್ಟರೂಪವಾದ ಹೈಡನನ್ನು ಕುಳ್ಳಗೆ, ಎಳೆಯನಾಗಿ ಮಾಡಿದನು. ಜೆಕಿಲನ ಉಡುಪು ಅವನಿಗೆ ದೊಡ್ಡದು. ಏಕೆಂದರೆ ಆ ಸಜ್ಜನನು ತನ್ನ ಕೆಟ್ಟ ಅಂಶಕ್ಕೆ ಅಷ್ಟು ವರ್ಷ ವ್ಯಾಯಾಮವನ್ನೇ ಕೊಟ್ಟಿರಲಿಲ್ಲ. ಒಂದು ಶರೀರಲಕ್ಷಣದಲ್ಲಿ ಇಡೀ ಚರಿತ್ರೆ ಅಡಗಿದೆ. ಎಡ್ಗರ್ ಅಲನ್ ಪೋ 1839ರಲ್ಲಿ ಬರೆದ ವಿಲಿಯಂ ವಿಲ್ಸನ್ ಕಥೆಯಲ್ಲಿ ಬೆನ್ನು ಹತ್ತಿ ಬರುವ ತದ್ರೂಪಿಯೇ ಒಳ್ಳೆಯವನು, ಕಥೆ ಹೇಳುವವನೇ ಪಾಪಿ. ದಾಸ್ತೊಯೆವ್‌ಸ್ಕಿಯ 1846ರ ಕಥೆಯಂತೂ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಮೇಲಿನದು. ಅಲ್ಲಿ ಒಬ್ಬ ಬಡ ಗುಮಾಸ್ತೆಯ ಕಚೇರಿಗೆ ಅವನದೇ ಹೆಸರಿನ, ಅವನದೇ ಮುಖದ ಇನ್ನೊಬ್ಬನು ಬಂದು ಸೇರುತ್ತಾನೆ. ಜೊತೆಯವರಾರೂ ಬೆಚ್ಚುವುದಿಲ್ಲ, ನಿಧಾನವಾಗಿ ಎಲ್ಲರೂ ಹೊಸಬನನ್ನೇ ಮೆಚ್ಚುತ್ತ ಹೋಗುತ್ತಾರೆ. ಇರಿಯುವ ತದ್ರೂಪಿಗೆ ನಾವು ಅಂಜುವುದು ಒಂದು ಗಳಿಗೆ. ನಮ್ಮ ಸ್ನೇಹಿತರಿಗೆ ನಮಗಿಂತ ಹಿಡಿಸುವ ತದ್ರೂಪಿಗೆ ಅಂಜುವುದು ರಾತ್ರಿಯೆಲ್ಲ.

ನಮ್ಮ ಪುರಾಣಗಳಲ್ಲಿ ಈ ವಸ್ತು ಇಲ್ಲವೆ? ಇದೆ, ಹಾಗೆಂದು ಹೆಮ್ಮೆಯಿಂದ ಎದೆ ತಟ್ಟಿಕೊಳ್ಳುವುದಕ್ಕೆ ಮೊದಲು, ಅವು ಏನು ಮಾಡಿವೆ ಎಂಬುದನ್ನು ನೋಡಬೇಕು. ಕೃತಕ ಶಂಖಚಕ್ರಗಳನ್ನು ಧರಿಸಿ ತಾನೇ ವಾಸುದೇವನೆಂದು ದೂತನನ್ನಟ್ಟಿದ ಪೌಂಡ್ರಕನು ನಗೆಪಾಟಲಿನ ಪಾತ್ರ. ಅವನಿಂದ ನಮ್ಮ ಪ್ರಕೃತಕ್ಕೆ ಹೆಚ್ಚು ಪ್ರಯೋಜನವಿಲ್ಲ. ಛಾಯಾದೇವಿಯ ಕಥೆ ಬೇರೆ. ಸೂರ್ಯನ ತೇಜಸ್ಸನ್ನು ತಾಳಲಾರದೆ ಸಂಜ್ಞೆಯು ತನ್ನ ನೆರಳನ್ನು ಮನೆಯಲ್ಲಿ ನಿಲ್ಲಿಸಿ ಹೊರಟುಹೋದಳು. ಗಂಡನಿಗೆ ಬಹು ಕಾಲ ಅನುಮಾನ ಬರಲಿಲ್ಲ. ರೂಪ, ಧ್ವನಿ, ನಡಿಗೆ ಎಲ್ಲವೂ ಒಂದೇ. ಬಾಲಕನಾದ ಯಮನು ಸಿಟ್ಟಿನಿಂದ ಕಾಲೆತ್ತಿದಾಗ ಅವಳು ಆ ಕಾಲು ಬಿದ್ದುಹೋಗಲೆಂದು ಶಪಿಸಿದಳು. ಹೆತ್ತ ತಾಯಿ ಹೀಗೆ ಶಪಿಸಲಾರಳೆಂದು ಸೂರ್ಯನಿಗೆ ಆಗ ಹೊಳೆಯಿತು. ತದ್ರೂಪಿಯ ಗುರುತು ಮೈಯಲ್ಲಿರದೆ ಮಮತೆಯಲ್ಲಿರಬೇಕೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಕಥೆಯನ್ನು ನಾನು ಓದಿಲ್ಲ. ಛಾಯೆ ದುಷ್ಟೆಯೇ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಆ ಕಷ್ಟವೇ ಪಾತ್ರದ ಬೆಲೆ.

ಇನ್ನು ದಮಯಂತಿಯ ಸ್ವಯಂವರ. ಕನಕದಾಸರ ಕೃಪೆಯಿಂದ ಕನ್ನಡ ಮನೆಗಳಲ್ಲಿ ಪರಿಚಿತವಾದ ಕಥೆ. ನಾಲ್ವರು ದೇವತೆಗಳು ನಳನ ರೂಪದಲ್ಲಿ ಸಾಲಾಗಿ ಕುಳಿತಿದ್ದರು. ದೇವತೆಗಳಿಗೆ ಬೆವರಿಲ್ಲ, ಅವರು ರೆಪ್ಪೆ ಬಡಿಯರು, ಅವರ ಹಾರ ಬಾಡದು, ಕಾಲು ನೆಲಕ್ಕೆ ತಾಗದು ಎಂದು ಆಕೆ ಕಂಡುಹಿಡಿದಳೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಭಾರತದ ಮೂಲವನ್ನು ನೋಡಿದರೆ ಕ್ರಮ ಬೇರೆಯಾಗಿದೆ. ಆಕೆ ಮೊದಲು ಗುರುತುಗಳನ್ನು ಹುಡುಕಿದಳು, ಸಿಕ್ಕಲಿಲ್ಲ. ಆಮೇಲೆ ತನ್ನ ಸತ್ಯವನ್ನು ಮುಂದಿಟ್ಟು ಕೈ ಮುಗಿದಳು. ಆಗ ಗುರುತುಗಳು ಕಾಣಿಸಿಕೊಂಡವು. ಈ ಕ್ರಮವನ್ನು ವಾಚಕರು ನೆನಪಿನಲ್ಲಿಡಬೇಕು.

ಈಗ ಮನೆಯ ಮಾತಿಗೆ ಬರುತ್ತೇನೆ. ನನ್ನ ತಮ್ಮನ ಮಗನು ಸೂತ್ರಧಾರ. ಅವನ ಅಕ್ಕನೂ ನೆರೆಯ ಮೂವರೂ ಆಟಗಾರರು. ಹುಡುಗಿಯ ಪಾತ್ರ ಒಬ್ಬ ವೈದ್ಯೆ. ಆಕೆಗೆ ಒಂದು ದುಷ್ಟ ತದ್ರೂಪವನ್ನು ಕಟ್ಟಬೇಕೆಂದು ಹುಡುಗನು ಹೊರಟು, ಮೊದಲು ವಿಷವಿಕ್ಕುವ ಕರಿಯುಡುಪಿನವಳೊಬ್ಬಳನ್ನು ತಂದನು. ಮದ್ದಿಗೆ ಪ್ರತಿಯಾಗಿ ವಿಷ, ಬಿಳುಪಿಗೆ ಕಪ್ಪು. ಆಟಗಾರರು ನಕ್ಕು, ಕಾಲು ಗಂಟೆಯಲ್ಲಿ ಅವಳನ್ನು ಕೊಂದು, ಕಾಫಿಗೆ ಎದ್ದರು. ‘ದೊಡ್ಡಪ್ಪ, ಏನು ತಪ್ಪಾಯಿತು?’ ಎಂದು ಅವನು ಕೇಳಿದನು. ತಿರುಗುಮುರುಗು ಮಾಡಿದ್ದು ತಪ್ಪು ಎಂದೆ. ಸದ್ಗುಣವನ್ನು ತಲೆಕೆಳಗು ಮಾಡಿದರೆ ಸಿಕ್ಕುವುದು ಅಪರಿಚಿತ ವ್ಯಕ್ತಿ. ಅದೇ ಸದ್ಗುಣವನ್ನು ಒಂದು ಹೆಜ್ಜೆ ಮುಂದಕ್ಕೆ ನಡೆಸಿದರೆ ಸಿಕ್ಕುವವನೇ ತದ್ರೂಪಿ.

ಅವನ ಹಳೆಯ ಟಿಪ್ಪಣಿಗಳನ್ನು ತಿರುವಿ ಹಾಕಿದೆವು. ಮೂರು ತಿಂಗಳ ಹಿಂದಿನ ಒಂದು ಆಟದಲ್ಲಿ, ಹೊಳೆಯ ದಡದ ಹಳ್ಳಿಯೊಂದಕ್ಕೆ ಸಾಂಕ್ರಾಮಿಕ ಬಡಿದಿತ್ತು. ವೈದ್ಯೆಯ ಬಳಿ ಒಬ್ಬರಿಗಾಗುವಷ್ಟು ಮದ್ದು. ಅದನ್ನು ಪಾಳೆಯಗಾರನ ಮಗನಿಗೆ ಕೊಟ್ಟಳು. ಪಾಳೆಯಗಾರನ ನೆರವು ಬೇಕಾಗಿತ್ತು. ನೇಯುವ ಮುದುಕಿಯೊಬ್ಬಳು ಸತ್ತಳು. ಎಲ್ಲರೂ ಮರೆತಿದ್ದರು. ನಮ್ಮ ತದ್ರೂಪಿ ಹುಟ್ಟಿದ್ದು ಆ ಸಾಲಿನಿಂದ. ಆಕೆ ಊರೂರು ತಿರುಗಿ ರೋಗಿಗಳನ್ನು ನೋಡುತ್ತಾಳೆ, ಯಾರು ಬದುಕಿದರೆ ಉಪಯೋಗವೆಂಬುದನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಾಳೆ, ಬದುಕುವಂಥವರಿಗೆ ಮಾತ್ರ ಮದ್ದು ಕೊಡುತ್ತಾಳೆ. ಹೀಗಾಗಿ ಆಕೆಯ ಕೈಯಲ್ಲಿ ಯಾರೂ ಸಾಯುವುದಿಲ್ಲ, ಕೀರ್ತಿ ಬೆಳೆಯುತ್ತದೆ. ನಿಜವಾದ ವೈದ್ಯೆ ಊರಿಗೆ ಬಂದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ, ಏಕೆಂದರೆ ಆಕೆಯ ಕೈಯಲ್ಲಿ ಸತ್ತವರಿದ್ದಾರೆ. ಇದರಲ್ಲಿ ದಾಸ್ತೊಯೆವ್‌ಸ್ಕಿಯ ಸಾಲ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ.

ಆ ಭಾನುವಾರ ಯಾರೂ ನಗಲಿಲ್ಲ. ಮುದುಕಿಯ ಹೆಸರು ಬಂದಾಗ ಹುಡುಗಿ ಕೈಯಲ್ಲಿದ್ದ ದಾಳವನ್ನು ಕೆಳಗಿಟ್ಟಳು. ‘ಇಷ್ಟು ದಿನ ನೀನು ಅದನ್ನು ಬರೆದಿಟ್ಟುಕೊಂಡಿದ್ದೆಯಾ?’ ಎಂದು ತಮ್ಮನನ್ನು ಕೇಳಿ, ಎದ್ದು ಒಳಗೆ ಹೋದಳು. ಆಟ ನಿಂತಿತು. ರಾತ್ರಿ ಊಟಕ್ಕೂ ಅವರಿಬ್ಬರಲ್ಲಿ ಮಾತಿರಲಿಲ್ಲ. ನನಗೂ ಊಟ ಸೇರಲಿಲ್ಲ, ಸಲಹೆ ನನ್ನದಾಗಿತ್ತು.

ಕಾದಂಬರಿಗೂ ಈ ಆಟಕ್ಕೂ ಇರುವ ದೊಡ್ಡ ಭೇದ ನನಗೆ ಅಂದು ತಿಳಿಯಿತು. ದಾಸ್ತೊಯೆವ್‌ಸ್ಕಿಯ ಗುಮಾಸ್ತೆಯು ಮೇಜಿನ ಆಚೆಗೆ ಕುಳಿತು ತನ್ನ ಕರ್ತನ ಮುಖವನ್ನು ನೋಡಲಾರನು, ಇಲ್ಲಿ ನೋಡುತ್ತಾರೆ. ಪಾತ್ರವು ಆಟಗಾರನ ಸ್ವತ್ತು. ಅದರ ತದ್ರೂಪವನ್ನು ಕಟ್ಟುವ ಸೂತ್ರಧಾರನು ಪರರ ಹೊಲದಲ್ಲಿ ಬಿತ್ತುತ್ತಿದ್ದಾನೆ. ಆಟದಲ್ಲಿ ನಡೆದುಹೋದ ಕಾರ್ಯಗಳ ಮೇಲೆ ಅವನಿಗೆ ಅಧಿಕಾರವುಂಟು. ಆಟಗಾರನ ಸ್ವಂತ ಶೀಲದ ಮೇಲೆ ಇಲ್ಲ. ಹುಡುಗನು ಈ ಗಡಿಯನ್ನು ದಾಟಿರಲಿಲ್ಲವೆಂದು ನಾನು ಈಗಲೂ ಭಾವಿಸುತ್ತೇನೆ. ನಮ್ಮ ದೋಷ ಇನ್ನೊಂದು ಕಡೆ ಇತ್ತು. ತದ್ರೂಪಿಯನ್ನು ಗೆಲ್ಲುವುದಕ್ಕೆ ಕೊಲ್ಲುವ ದಾರಿಯೊಂದನ್ನೇ ಬಿಟ್ಟಿದ್ದೆವು. ಅವಳನ್ನು ಕೊಂದರೆ ಮುದುಕಿಗೆ ಏನು ಉತ್ತರ ಸಿಕ್ಕಿತು? ಪ್ರಶ್ನೆಯನ್ನು ಮುಖವಾಗಿ ಧರಿಸಿ ಬಂದವಳಿಗೆ ಉತ್ತರವೇ ಆಯುಧವಾಗಬೇಕಾಗಿತ್ತು. ಇಷ್ಟು ಭಾರ ಆಟಕ್ಕೆ ಬೇಕೆ ಎಂದು ನನ್ನ ತಮ್ಮನು ಆಕ್ಷೇಪಿಸಿದನು. ಆಕ್ಷೇಪ ಸುಳ್ಳಲ್ಲ, ವಿಷವಿಕ್ಕಿದ ಕರಿಯುಡುಪಿನವಳು ಯಾರನ್ನೂ ಊಟ ಬಿಡಿಸಲಿಲ್ಲ. ಆದರೆ ಅವಳ ಹೆಸರು ಈಗ ಆಡಿದವರಿಗೂ ನೆನಪಿಲ್ಲ.

ಎರಡು ವಾರ ಕಳೆದ ಮೇಲೆ ಹುಡುಗಿ ತಾನಾಗಿಯೇ ಬಂದು ಕುಳಿತಳು. ಕತ್ತಿ ಹಿರಿಯಲು ಹೊರಟ ಜೊತೆಗಾರರನ್ನು ತಡೆದು, ತನ್ನ ವೈದ್ಯೆ ಹಳ್ಳಿಯ ಕಟ್ಟೆಯ ಮೇಲೆ ಕುಳಿತು ತನ್ನ ಕೈಯಲ್ಲಿ ಸತ್ತವರ ಹೆಸರನ್ನು ಒಂದೊಂದಾಗಿ ಹೇಳುತ್ತಾಳೆ ಎಂದಳು. ಹೇಳಿದಳು ಕೂಡ, ಹನ್ನೊಂದು ಹೆಸರು, ಮುದುಕಿಯದು ಮೊದಲು. ಆ ಬಳಿಕ ತದ್ರೂಪಿಯ ಕಡೆಗೆ ತಿರುಗಿ, ‘ನೀನು ಮದ್ದು ಕೊಡದೆ ಬಿಟ್ಟವರ ಹೆಸರು ಹೇಳು’ ಎಂದಳು. ಸೂತ್ರಧಾರನು ತನ್ನ ಕಾಗದಗಳನ್ನು ತಡಕಿದನು. ಲೆಕ್ಕದ ಪುಸ್ತಕದಲ್ಲಿ ಆ ಹೆಸರುಗಳನ್ನು ನಾವು ಬರೆದಿರಲೇ ಇಲ್ಲ. ನನಗೆ ದಮಯಂತಿಯ ನೆನಪಾಯಿತು. ಯಾವ ದಾಳವನ್ನೂ ಯಾರೂ ಉರುಳಿಸಲಿಲ್ಲ. ಬಾಗಿಲುಗಳು ಒಂದೊಂದಾಗಿ ತೆರೆದವೆಂದು ಹುಡುಗನು ಮೆಲ್ಲಗೆ ಹೇಳಿದನು.

ತದ್ರೂಪಿ ಸಾಯಲಿಲ್ಲ. ಲೆಕ್ಕದ ಪುಸ್ತಕ ವೈದ್ಯೆಯ ಚೀಲದಲ್ಲಿದೆ. ಅದನ್ನು ಸುಡುವುದೋ ತಾನೇ ಮುಂದುವರಿಸುವುದೋ ಆಕೆ ಇನ್ನೂ ಹೇಳಿಲ್ಲ. ಮುಂದಿನ ಭಾನುವಾರಕ್ಕೆ ಏನು ಬರೆಯಲಿ ಎಂದು ಹುಡುಗನು ನನ್ನನ್ನು ಎರಡು ಬಾರಿ ಕೇಳಿದ್ದಾನೆ. ಅಕ್ಕನನ್ನು ಕೇಳು ಎಂದಿದ್ದೇನೆ.