ಪಾಕಶಾಲೆಯ ಪ್ರಾರ್ಥನೆ

‘ಭಗವತ್ಸಾನ್ನಿಧ್ಯದ ಅಭ್ಯಾಸ’ವೆಂದು ಕರೆಯಬಹುದಾದ ಫ್ರೆಂಚ್ ಭಾಷೆಯ ಕಿರುಪುಸ್ತಕವನ್ನು ಸಹೋದರ ಲಾರೆನ್ಸನು ಗ್ರಂಥವಾಗಿ ರಚಿಸಿದವನಲ್ಲ. ಪ್ಯಾರಿಸಿನ ಕಾರ್ಮೆಲ್ ಮಠದ ಈ ಅಡಿಗೆಯವನು 1691ರಲ್ಲಿ ಕಾಲವಾದ ಮೇಲೆ, ಆತನ ಸಂಭಾಷಣೆಗಳನ್ನೂ ಪತ್ರಗಳನ್ನೂ ಬೋಫೋರ್ ಎಂಬ ಪಾದ್ರಿಯು ಸಂಗ್ರಹಿಸಿದನು. ಆದುದರಿಂದ ಇದರಲ್ಲಿ ಪುನರುಕ್ತಿಯು ಹೇರಳವಾಗಿದೆ; ವಿಷಯಕ್ರಮವೂ ಸಡಿಲವಾಗಿದೆ.

ಆದರೆ ಇದರ ಪ್ರಾಮಾಣಿಕತೆಯು ಮೆಚ್ಚತಕ್ಕುದು. ಅಡಿಗೆಯ ಕೆಲಸವು ಆತನಿಗೆ ಸ್ವಭಾವತಃ ಒಲ್ಲದುದೆಂಬುದನ್ನು ಪುಸ್ತಕವು ಮರೆಮಾಚುವುದಿಲ್ಲ. ದೇವರ ಮೇಲಣ ಪ್ರೀತಿಯೊಂದರಿಂದಲೇ ಆತನು 15 ವರ್ಷ ಅದನ್ನು ನಿರ್ವಹಿಸಿದನು. ಮಠಕ್ಕೆ ದ್ರಾಕ್ಷಾರಸವನ್ನು ಕೊಳ್ಳಲು ಬರ್ಗಂಡಿಗೆ ಹೋದಾಗ, ಕುಂಟನಾದುದರಿಂದ ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳುತ್ತ ಸಾಗಬೇಕಾಯಿತು, ಅದಕ್ಕೂ ಕಳವಳಪಡಲಿಲ್ಲ.

ಇದು ಗೀತೆಯ ನಿಷ್ಕಾಮಕರ್ಮವೇ ಎಂದು ನಮ್ಮ ಪಂಡಿತರು ಕೂಡಲೆ ಹೇಳಿಯಾರು. ಅದು ಅವಸರದ ನಿರ್ಣಯ. ನಿಷ್ಕಾಮಕರ್ಮದಲ್ಲಿ ಒತ್ತು ಫಲತ್ಯಾಗಕ್ಕೆ; ಇಲ್ಲಿಯ ಒತ್ತು ಸಖ್ಯಕ್ಕೆ. ಪಾತ್ರೆಗಳ ಗದ್ದಲದ ನಡುವೆಯೂ ಲಾರೆನ್ಸನು ಬಳಿಯಲ್ಲಿರುವ ಒಡೆಯನೊಡನೆ ಮಾತನಾಡುವನು. ತಪ್ಪಿದಾಗ ಒಪ್ಪಿಕೊಂಡು, ಕೊರಗದೆ ಕೆಲಸಕ್ಕೆ ಮರಳುವನು. ನಿತ್ಯದ ಬೇಸರಕ್ಕೆ ಇದು ದೊಡ್ಡ ಆಸರೆ. ಪರಮತದ ಗ್ರಂಥದಲ್ಲಿ ಸ್ವಮತದ ಪ್ರತಿಬಿಂಬವನ್ನೇ ಅರಸುವವನಿಗೆ ಈ ಆಸರೆಯು ದೊರೆಯದು.