ಫ್ಯಾಕ್ಟರನೆಂದರೆ ಯಾರು? ಬಾಕಿಯ ಮಾರಾಟವೂ ಬಾಕಿಯ ಮೇಲಣ ಸಾಲವೂ

ನಮ್ಮ ದೇಶದ ಎರಡು ಕಾಯಿದೆಗಳು ‘ಫ್ಯಾಕ್ಟರ್’ ಎಂಬ ಒಂದೇ ಹೆಸರಿನಿಂದ ಇಬ್ಬರು ಬೇರೆ ಬೇರೆ ವ್ಯಾಪಾರಸ್ಥರನ್ನು ಕರೆದಿವೆ. 1872ರ ಕರಾರು ಕಾಯಿದೆಯ 171ನೆಯ ಪ್ರಕರಣದ ಫ್ಯಾಕ್ಟರನು ಪರರ ಸರಕನ್ನು ವಶದಲ್ಲಿಟ್ಟುಕೊಂಡು ಮಾರಿಕೊಡುವವನು; ವಿರುದ್ಧವಾದ ಕರಾರಿಲ್ಲದಿದ್ದರೆ, ತನ್ನ ಲೆಕ್ಕದ ಬಾಕಿ ತೀರುವವರೆಗೆ ಆ ಸರಕನ್ನು ತಡೆಹಿಡಿಯುವ ಹಕ್ಕು ಅವನಿಗುಂಟು. 2011ರ ಫ್ಯಾಕ್ಟರಿಂಗ್ ನಿಯಂತ್ರಣ ಕಾಯಿದೆಯ ಫ್ಯಾಕ್ಟರನಾದರೋ ಸರಕನ್ನು ಮುಟ್ಟುವುದೇ ಇಲ್ಲ. ಅವನಿಗೆ ಬೇಕಾದುದು ಸರಕು ಮಾರಿದವನಿಗೆ ಬರಬೇಕಾದ ಬಾಕಿ.

ಗುಬ್ಬಿಯ ತೋಟದ ಅಡಿಕೆ ತುಮಕೂರಿನ ಮಂಡಿಗೆ ಬಂದು ಮಾರಾಟವಾಗುವ ಕ್ರಮವನ್ನು ಬಲ್ಲವರಿಗೆ ಮೊದಲನೆಯ ಫ್ಯಾಕ್ಟರನ ಪರಿಚಯ ಹೊಸದಲ್ಲ. ಆದರೆ ಆ ಮಂಡಿಯವನನ್ನೇ ಫ್ಯಾಕ್ಟರಿಂಗಿಗೆ ಉದಾಹರಣೆಯಾಗಿ ಕೊಡುವ ವಿದ್ಯಾರ್ಥಿ ತಪ್ಪುತ್ತಾನೆ. ವ್ಯವಸಾಯೋತ್ಪನ್ನಗಳನ್ನಾಗಲಿ ಇತರ ಸರಕನ್ನಾಗಲಿ ದಲಾಲಿಯ ಮೇಲೆ ಮಾರುವ ಕಾರ್ಯವನ್ನು 2011ರ ಕಾಯಿದೆ ತನ್ನ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಇದು ಯುಕ್ತವೆಂದೇ ನಮ್ಮ ಮತ. ಮಂಡಿಯ ವ್ಯವಹಾರಕ್ಕೆ ಕರ್ನಾಟಕದ 1966ರ ಮಾರುಕಟ್ಟೆ ಕಾಯಿದೆ ಇದೆ. ಅಡಿಕೆಯ ದಲಾಲಿಯು ರಿಸರ್ವ್ ಬ್ಯಾಂಕಿನ ಬಾಗಿಲಿಗೆ ಹೋಗಬೇಕಾದ ಅಗತ್ಯವೇನೂ ಇಲ್ಲ.

ಎರಡನೆಯ ಫ್ಯಾಕ್ಟರನ ಉಪಯೋಗ ಕಾಣುವುದು ಕುಣಿಗಲಿನ ಅಂಚೇಪಾಳ್ಯ, ತುಮಕೂರಿನ ವಸಂತನರಸಾಪುರಗಳಂತಹ ಕೈಗಾರಿಕಾ ಪ್ರದೇಶಗಳಲ್ಲಿ. ದೊಡ್ಡ ಕಾರ್ಖಾನೆಗೆ ಬಿಡಿಭಾಗಗಳನ್ನು ಒದಗಿಸಿದ ಸಣ್ಣ ಉದ್ಯಮಿಗೆ 45 ದಿನಗಳೊಳಗೆ ಹಣ ಸಲ್ಲಬೇಕೆಂದು 2006ರ ಸಣ್ಣ ಕೈಗಾರಿಕೆಗಳ ಕಾಯಿದೆ ವಿಧಿಸುತ್ತದೆ. ವಿಧಿಸಿದ ಮಾತ್ರಕ್ಕೆ ಶನಿವಾರದ ಬಟವಾಡೆಗೆ ಹಣ ಬಂದೀತೆ? ಆ ಬಾಕಿಯನ್ನು ಫ್ಯಾಕ್ಟರನಿಗೆ ವರ್ಗಾಯಿಸಿದರೆ ಹೆಚ್ಚಿನ ಪಾಲು ಕೂಡಲೇ ಕೈಗೆ ಬರುತ್ತದೆ.

ಇಲ್ಲಿ ಮುಖ್ಯ ಪ್ರಶ್ನೆ ಏಳುತ್ತದೆ: ಇದು ಮಾರಾಟವೋ ಸಾಲವೋ? ಬಾಕಿಯ ಹಕ್ಕನ್ನು ಬರವಣಿಗೆಯ ಮೂಲಕ ವರ್ಗಾಯಿಸಬಹುದೆಂಬುದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 130ನೆಯ ಪ್ರಕರಣದಿಂದಲೇ ಸಿದ್ಧವಾಗಿತ್ತು. ಆದರೆ ಕೊಂಡವನು ಹಣ ಕೊಡದೆ ಹೋದಾಗ ಫ್ಯಾಕ್ಟರನು ಮಾರಿದವನನ್ನೇ ಹಿಡಿಯಬಹುದೆಂಬ ಮರುಹೊಣೆಯ ಷರತ್ತಿದ್ದರೆ, ನಷ್ಟದ ಭಯ ಮಾರಿದವನಲ್ಲಿಯೇ ಉಳಿಯಿತು. ಹೆಸರು ಮಾರಾಟವಾದರೂ ಸ್ವರೂಪದಲ್ಲಿ ಅದು ಸಾಲವೇ. ಕಾಯಿದೆಯ ವ್ಯಾಖ್ಯೆಯು ಬಾಕಿಯನ್ನು ವರ್ಗಾಯಿಸಿಕೊಳ್ಳುವುದನ್ನೂ ವರ್ಗಾವಣೆಯ ಮೇಲೆ ಮುಂಗಡ ಕೊಡುವುದನ್ನೂ ಒಂದೇ ಚೀಲದಲ್ಲಿ ತುಂಬಿದೆ. ರಿಸರ್ವ್ ಬ್ಯಾಂಕು ಮಾತ್ರ ಈ ಭೇದವನ್ನು ಬಲ್ಲದು: ಮರುಹೊಣೆಯಿದ್ದರೆ ಫ್ಯಾಕ್ಟರನು ಮಾರಿದವನನ್ನು ನಂಬಿದನೆಂದೂ, ಇಲ್ಲದಿದ್ದರೆ ಕೊಂಡವನನ್ನು ನಂಬಿದನೆಂದೂ ಅದು ಲೆಕ್ಕ ಹಾಕುತ್ತದೆ. 2014ರಲ್ಲಿ ಅದು ರೂಪಿಸಿದ ‘ಟ್ರೆಡ್ಸ್’ ಎಂಬ ಬಾಕಿ ಹರಾಜಿನ ವೇದಿಕೆಯಲ್ಲಿ ಸಣ್ಣ ಉದ್ಯಮಿಯ ಮೇಲೆ ಮರುಹೊಣೆಯನ್ನು ಹೊರಿಸುವಂತಿಲ್ಲ. 2021ರ ತಿದ್ದುಪಡಿಯು ಹೆಚ್ಚಿನ ಹಣಕಾಸು ಸಂಸ್ಥೆಗಳಿಗೆ ಈ ವ್ಯವಹಾರದ ಬಾಗಿಲು ತೆರೆಯಿತು. ವ್ಯಾಖ್ಯೆಯೊಳಗಿನ ಬೆರಕೆ ಹಾಗೆಯೇ ಉಳಿಯಿತು. ಅಧಿಕಾರಿಯ ಸುತ್ತೋಲೆಯಲ್ಲಿರುವ ವಿವೇಕ ಶಾಸನದಲ್ಲಿ ಏಕಿರಬಾರದು?

ನೋಟೀಸಿನ ವಿಷಯವೂ ಉಂಟು. ವರ್ಗಾವಣೆಯ ನೋಟೀಸು ಮುಟ್ಟುವ ಮೊದಲು ಕೊಂಡವನು ಮಾರಿದವನಿಗೇ ಹಣ ಕೊಟ್ಟರೆ ಅವನ ಋಣ ತೀರುತ್ತದೆ. ಆದುದರಿಂದ ಫ್ಯಾಕ್ಟರನು ನೋಟೀಸನ್ನು ಬಿಡಲಾರ. ಕುಣಿಗಲಿನ ಸಣ್ಣ ಉದ್ಯಮಿಯೋ, ಅದನ್ನು ಕಂಡ ದೊಡ್ಡ ಕಾರ್ಖಾನೆಯವರು ಮುಂದಿನ ಆರ್ಡರನ್ನು ಬೇರೆಯವರಿಗೆ ಕೊಟ್ಟಾರೆಂದು ಅಂಜುವವನು.