ಕಡೆಗೀಲಿನ ಮಾತು

ಸೈಕಲ್ ಚೈನಿಗೆ ಎಣ್ಣೆಯೋ ಮೇಣವೋ ಎಂಬ ಜಗಳವನ್ನು ಈ ವಾರ ತೀರಿಸಿಬಿಡುತ್ತೇನೆಂದು ಮಾತು ಕೊಟ್ಟಿದ್ದೆ. ಆಗಲಿಲ್ಲ. ಗುರುವಾರ ರಾತ್ರಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಿಂದ ಭಾವಮೈದುನನ ಫೋನು. “ಭಾವ, ಸೈಕಲ್ ಹೊರುವ ಸೆಕೆಂಡ್‌ಹ್ಯಾಂಡ್ ರ‍್ಯಾಕ್ ಅರ್ಧ ಬೆಲೆಗೆ ಸಿಕ್ತು. ಆದ್ರೆ ನನ್ನ ಕಾರಿನ ಹಿಚ್ಚಿಗೆ ಹೋಗ್ತಾನೇ ಇಲ್ಲ!”

ಹೋಗುವುದಾದರೂ ಹೇಗೆ? ರ‍್ಯಾಕಿನ ದಂಡ ಎರಡಿಂಚು ಚೌಕ, ಅವನ ಸಣ್ಣ ಕಾರಿನ ರಿಸೀವರ್, ಅಂದರೆ ಹಿಂಬದಿಯ ಹಿಚ್ಚಿನ ಚೌಕ ಕೊಳವೆ, ಒಂದೂಕಾಲು ಇಂಚು. ಕಾರಿನ ನೆತ್ತಿಯ ಮೇಲೆ ಸೈಕಲ್ ಹೊರುವ ಪಂಥದವರು ಇದನ್ನು ಕೇಳಿ ಮುಸಿಮುಸಿ ನಗುತ್ತಾರೆಂದು ಗೊತ್ತು. ನಗಲಿ. ಆ ಪಂಥದ ನನ್ನ ಗೆಳೆಯನೊಬ್ಬ ಮೇಲೆ ಸೈಕಲ್ ಇರುವುದನ್ನು ಮರೆತು ನೇರವಾಗಿ ಗ್ಯಾರೇಜಿನೊಳಕ್ಕೆ ನುಗ್ಗಿಸಿದ. ಫ್ರೇಮೂ ಹೋಯಿತು, ಬಾಗಿಲೂ ಹೋಯಿತು. ಸೈಕಲ್ ಬೆನ್ನ ಹಿಂದೆ, ಕನ್ನಡಿಯಲ್ಲಿ ಕಾಣುವಂತಿರಬೇಕು ಎಂಬ ನನ್ನ ಹಟ ಆವತ್ತಿನಿಂದ ಇನ್ನೂ ಗಟ್ಟಿಯಾಗಿದೆ.

“ಮೂವತ್ತು ಡಾಲರಿಗೆ ಅಡಾಪ್ಟರ್ ಸಿಗುತ್ತೆ, ತರಿಸ್ಲಾ?” ಎಂದ. ಅಡಾಪ್ಟರ್ ಪಂಥದೊಂದಿಗೂ ನನ್ನದು ಹಳೇ ಲೆಕ್ಕ. ದೊಡ್ಡ ರಿಸೀವರಿಗೆ ಸಣ್ಣ ದಂಡ ಕೂರಿಸಬೇಕಾದರೆ ಒಳಗೊಂದು ಕೊಳವೆ ತೂರಿಸಿದರಾಯಿತು. ಉದ್ದ ಹೆಚ್ಚುವುದಿಲ್ಲ, ಅಲುಗಾಟವೊಂದನ್ನು ಹತೋಟಿಗೆ ತಂದರೆ ಸಾಕು. ಸಣ್ಣ ರಿಸೀವರಿಗೆ ದೊಡ್ಡ ದಂಡ ಬಂದಾಗ ಕಥೆಯೇ ಬೇರೆ. ದೊಡ್ಡದು ಸಣ್ಣದರೊಳಗೆ ಇಳಿಯಲಾರದು, ಅದರ ಹಿಂದೆ ನಿಲ್ಲಬೇಕು. ಅಂದರೆ ಇಡೀ ರ‍್ಯಾಕ್ ಕಾರಿನಿಂದ ಅಷ್ಟು ದೂರ ಹೋಯಿತು.

ಲೆಕ್ಕ ಹಾಕಿಯೇ ಹೇಳಿದೆ. ರ‍್ಯಾಕ್ 25 ಕಿಲೋ, ಎರಡು ಸೈಕಲ್ ಸೇರಿ 30, ಒಟ್ಟು 55 ಎಂದುಕೋ. ಆ ಭಾರದ ನಡುಬಿಂದು, ದಂಡವನ್ನು ರಿಸೀವರಿಗೆ ಬಂಧಿಸುವ ಪಿನ್ನಿನಿಂದ 60 ಸೆಂಟಿಮೀಟರ್ ಹಿಂದಿದೆ. ಅಡಾಪ್ಟರ್ ಅದನ್ನು ಇನ್ನೂ 20 ಸೆಂಟಿಮೀಟರ್ ದೂಡಿತು. ಅಡಾಪ್ಟರಿನ ಸ್ವಂತ ತೂಕವನ್ನು ಲೆಕ್ಕಕ್ಕೆ ಹಿಡಿಯದೆಯೇ ಹಿಚ್ಚನ್ನು ತಿರುಚುವ ಬಲ ಮೂರನೇ ಒಂದು ಪಾಲು ಏರಿತು. ಸಣ್ಣ ಕಾರಿನ ಒಂದನೇ ಕ್ಲಾಸ್ ಹಿಚ್ಚಿನ ಮೇಲೆ ಸಾಮಾನ್ಯವಾಗಿ 200 ಪೌಂಡ್, ಹೆಚ್ಚುಕಡಿಮೆ 90 ಕಿಲೋ, ಎಂದು ಬರೆದಿರುತ್ತದೆ. ಅದನ್ನು ನೋಡಿ 55 ಧಾರಾಳ ಎಂದುಕೊಳ್ಳುವವರೇ ಮೋಸಹೋಗುವುದು. ಆ ಅಂಕಿ ಟ್ರೇಲರಿನ ಮೂತಿ ಹಿಚ್ಚಿನ ಚೆಂಡಿನ ಮೇಲೆ ಕೆಳಗೊತ್ತುವ ಭಾರಕ್ಕೆ ಹೇಳಿದ್ದು. ಟ್ರೇಲರಿಗೆ ತನ್ನದೇ ಗಾಲಿಗಳಿವೆ, ರ‍್ಯಾಕಿಗೆ ನೆಲವೇ ಇಲ್ಲ. ಅದು ಗಾಳಿಯಲ್ಲಿ ನೇತಾಡುತ್ತ ಪ್ರತಿ ಗುಂಡಿಗೂ ಕುಣಿಯುತ್ತದೆ. ಎಷ್ಟೋ ತಯಾರಕರು ಅಡಾಪ್ಟರ್ ಬೇಡವೆಂದೇ ರ‍್ಯಾಕಿನ ಕೈಪಿಡಿಯಲ್ಲಿ ಬರೆದಿರುತ್ತಾರೆ. ಓದುವವರು ಯಾರು?

“ಹಾಗಾದ್ರೆ ರ‍್ಯಾಕ್ ಎಸೀಲಾ?” ಎಂದು ಮುನಿಸಿಕೊಂಡ. ಬೇಡ ಮಾರಾಯ. ಕೆಲವು ರ‍್ಯಾಕುಗಳಿಗೆ ದಂಡವನ್ನಷ್ಟೇ ಬದಲಿಸಬಹುದು, ಒಂದೂಕಾಲಿಂಚಿನದು ಬಿಡಿಯಾಗಿ ಸಿಗುತ್ತದೆಯೇ ಕೇಳು ಎಂದೆ. ಅವನದಕ್ಕೆ ಸಿಕ್ಕಿತು, ಪುಣ್ಯ. ಶನಿವಾರ ಬೆಳಿಗ್ಗೆ ನಾನೇ ಅವನ ಮನೆಗೆ ಹೋದೆ, ಇಬ್ಬರೂ ಕೂತು ಜೋಡಿಸಿದೆವು.

ಆಗ ಬಂತು ನೋಡಿ ನಿಜವಾದ ವಿಷಯ: ಪಿನ್ನು. ರ‍್ಯಾಕಿನ ಜೊತೆ ಬಂದದ್ದು ಎರಡಿಂಚಿನ ಹಿಚ್ಚಿನ ದಪ್ಪ ಪಿನ್ನು, 15.9 ಮಿಲಿಮೀಟರಿನದು. ಸಣ್ಣ ರಿಸೀವರಿನ ತೂತಿಗೆ ಬೇಕಾದದ್ದು ಅರ್ಧ ಇಂಚಿನದು, 12.7. “ತೂತನ್ನೇ ಸ್ವಲ್ಪ ಕೊರೆದ್ರೆ?” ಎಂದ. ನಾನು ಡ್ರಿಲ್ಲನ್ನು ಎತ್ತಿ ಅಟ್ಟದ ಮೇಲಿಟ್ಟೆ.

ನಮ್ಮೂರಿನ ಎತ್ತಿನ ಗಾಡಿಯಲ್ಲಿ ಅಚ್ಚಿನ ತುದಿಗೆ ಹೊಡೆಯುವ ಕೀಲಿಗೆ ಕಡಾಣಿ ಎನ್ನುತ್ತಿದ್ದರು. ಹೊರಡುವ ಮುಂಚೆ ಅಜ್ಜ ಎತ್ತುಗಳ ಮೈ ಸವರುತ್ತಿದ್ದರೋ ಇಲ್ಲವೋ, ಎರಡೂ ಕಡಾಣಿಗಳನ್ನು ಕೈಯಲ್ಲಿ ಮುಟ್ಟಿ ನೋಡದೆ ಮೂಕಿಯ ಹತ್ತಿರ ಹೋಗುತ್ತಿರಲಿಲ್ಲ. ನೇಕಾರ ಜೇಡರ ದಾಸಿಮಯ್ಯನೂ ಇದೇ ಕೀಲನ್ನು ಹಿಡಿದು ಒಂದು ವಚನ ಕಟ್ಟಿದ್ದಾನೆ. ದರ್ಪವೇರಿದ ಒಡಲೇ ಬಂಡಿ, ಶರಣರ ಮಾತೇ ಅದಕ್ಕೆ ಕಡೆಗೀಲು. ಅಚ್ಚು, ನೊಗ, ಗಾಲಿ ಎಲ್ಲ ಬಿಟ್ಟು ಅವನ ಕಣ್ಣು ಆ ಬೆರಳುದ್ದದ ಕಬ್ಬಿಣದ ಮೇಲೆ ಬಿದ್ದಿತಲ್ಲ! ಮಗ್ಗದ ಮುಂದೆ ಕೂತವನಿಗೆ ಒಂದು ಎಳೆ ತಪ್ಪಿದರೆ ಏನಾಗುತ್ತದೆಂಬುದು ಗೊತ್ತಿತ್ತು, ಅದಕ್ಕೇ ಇರಬೇಕು.

ಸರಿಯಾದ ಪಿನ್ನು ತಂದು ಹಾಕಿದೆವು, ತಿರುಪು ತಿರುಗಿಸಿ ಬಿಗಿಸುವಂಥದ್ದು. ತೂತಿಗಿಂತ ಸಪೂರ ಪಿನ್ನು ಕೂಡ ಬೀಳುವುದಿಲ್ಲ ನಿಜ, ಆದರೆ ದಾರಿಯುದ್ದಕ್ಕೂ ಕಟಕಟ ಎನ್ನುತ್ತ ತೂತನ್ನು ಸವೆಸುತ್ತದೆ. ಸೈಕಲ್ ಏರಿಸಿದ ಮೇಲೆ ಅದರ ಚಕ್ರ ಹಿಡಿದು ಜೋರಾಗಿ ಅಲ್ಲಾಡಿಸು ಎಂದೆ. ರ‍್ಯಾಕ್ ಒಂದೇ ಅಲುಗಿದರೆ ಮತ್ತೆ ಬಿಚ್ಚಬೇಕು. ಕಾರೂ ಜೊತೆಗೆ ತೂಗಿದರೆ ಸರಿ. ಕಾರು ತೊಟ್ಟಿಲಿನಂತೆ ತೂಗಿತು. ಒಳಗೆ ಕೂತಿದ್ದ ಅವನ ಮಗಳು ಕಿಟಕಿ ಇಳಿಸಿ, “ಅಪ್ಪ, ಸಾಂತಾ ಕ್ರೂಜ್‌ಗೆ ಹೊರಡೋದು ಇವತ್ತೋ ನಾಳೆನೋ?” ಎಂದಳು.